ಬೆಳಗಾವಿಯ ಅಧಿವೇಶನ: ವೆಚ್ಚ ಯಾವುದು, ನಷ್ಟ ಯಾವುದು?

ಡಿಸೆಂಬರ್ ತಿಂಗಳು ಸಮೀಪಿಸುತ್ತಲೇ ನಮ್ಮ ನಾಡಿನಲ್ಲಿ ಒಂದು ಚರ್ಚೆ ತಪ್ಪದೆ ತಲೆಯೆತ್ತುತ್ತದೆ. ವಿಧಾನಮಂಡಲವನ್ನು ಬೆಂಗಳೂರಿನಿಂದ ಸುಮಾರು ೫೦೦ ಕಿಲೋಮೀಟರು ದೂರದ ಬೆಳಗಾವಿಗೆ ಕರೆದೊಯ್ದು ಕೆಲವು ದಿನ ಕೂಡಿಸುವುದಕ್ಕೆ ಇಷ್ಟೊಂದು ಹಣವೇಕೆ ಎಂದು ಒಂದು ಪಕ್ಷದವರು ಕೇಳುತ್ತಾರೆ. ನಾಡಿನ ಉತ್ತರಭಾಗದ ಮರ್ಯಾದೆಗೆ ಬೆಲೆ ಕಟ್ಟಬಹುದೆ ಎಂದು ಇನ್ನೊಂದು ಪಕ್ಷದವರು ಮರುಪ್ರಶ್ನೆ ಹಾಕುತ್ತಾರೆ. ಅಧಿವೇಶನ ಮುಗಿದೊಡನೆ ಇಬ್ಬರೂ ಸುಮ್ಮನಾಗುತ್ತಾರೆ. ಎರಡು ಮಾತಿನಲ್ಲಿಯೂ ಸತ್ಯಾಂಶವಿದೆ. ಆದರೆ ಇಬ್ಬರೂ ಲೆಕ್ಕದ ಪುಸ್ತಕದ ಒಂದೇ ಪುಟವನ್ನು ಓದುತ್ತಿದ್ದಾರೆಂದು ನನಗೆ ತೋರುತ್ತದೆ.

ಮೊದಲು ಕಣ್ಣಿಗೆ ಕಾಣುವ ವೆಚ್ಚವನ್ನೇ ನೋಡೋಣ. ವಿಧಾನಸಭೆಯ ಸದಸ್ಯರು ೨೨೪ ಮಂದಿ, ವಿಧಾನಪರಿಷತ್ತಿನವರು ೭೫ ಮಂದಿ. ಇವರ ಹಿಂದೆ ಕಾರ್ಯದರ್ಶಿಗಳು, ಇಲಾಖೆಗಳ ಅಧಿಕಾರಿಗಳು, ಪತ್ರಕರ್ತರು, ಚಾಲಕರು, ಪೋಲೀಸರು ಹೊರಡಬೇಕು. ಇವರೆಲ್ಲರಿಗೂ ವಸತಿ, ಊಟ, ವಾಹನಗಳು ಒದಗಬೇಕು. ೨೦೦೬ರ ಸೆಪ್ಟೆಂಬರಿನಲ್ಲಿ ಅಲ್ಲಿ ಮೊದಲ ಅಧಿವೇಶನ ನಡೆದಾಗ ಸರಕಾರಕ್ಕೆ ಸ್ವಂತ ಸಭಾಭವನವಿರಲಿಲ್ಲ, ಕೆ.ಎಲ್.ಇ. ಸಂಸ್ಥೆಯ ಆವರಣದಲ್ಲಿ ಸದನ ಕೂಡಿತು. ಅನಂತರ ಹಲಗಾದ ಬಳಿ ನೂರಾರು ಕೋಟಿ ರೂಪಾಯಿ ವೆಚ್ಚದಲ್ಲಿ ಸುವರ್ಣ ವಿಧಾನಸೌಧವೆದ್ದು, ೨೦೧೨ರ ಅಕ್ಟೋಬರ್ ೧೧ರಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿಯವರಿಂದ ಉದ್ಘಾಟನೆಗೊಂಡಿತು. ವರ್ಷದ ಬಹುಭಾಗ ಅಲ್ಲಿನ ಎರಡು ಸಭಾಂಗಣಗಳೂ ಬರಿದಾಗಿರುತ್ತವೆ.

ಈ ಸೌಧವನ್ನು ಕಟ್ಟಿದ್ದರ ಉದ್ದೇಶ ಯಾರಿಗೂ ತಿಳಿಯದ್ದಲ್ಲ. ಮಹಾಜನ ಆಯೋಗವು ೧೯೬೭ರಲ್ಲಿ ಬೆಳಗಾವಿ ನಗರವನ್ನು ನಮ್ಮಲ್ಲಿಯೇ ಉಳಿಸಬೇಕೆಂದು ಹೇಳಿದ ಮೇಲೆಯೂ ವಿವಾದ ತಣಿಯಲಿಲ್ಲ. ೨೦೦೪ರಲ್ಲಿ ಮಹಾರಾಷ್ಟ್ರ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಅದಕ್ಕೆ ನಾವು ಕಲ್ಲಿನಲ್ಲಿ ಕೊಟ್ಟ ಉತ್ತರ ಸುವರ್ಣಸೌಧ. ಆ ಉತ್ತರವನ್ನು ನಾನು ಹಗುರವಾಗಿ ಕಾಣುವವನಲ್ಲ. ಆದರೆ ಗಡಿಯನ್ನು ಕುರಿತು ನೆರೆಯವರಿಗೆ ಹೇಳುವ ಮಾತು ಬೇರೆ, ಒಳನಾಡಿನ ಪ್ರಜೆಗೆ ಸಲ್ಲಿಸಬೇಕಾದ ಕರ್ತವ್ಯ ಬೇರೆ. ಮೊದಲನೆಯದು ಕಟ್ಟಡದಿಂದ ಆದೀತು, ಎರಡನೆಯದು ಆಗದು.

ಇಂಥ ಪಯಣ ನಮ್ಮದೊಂದೇ ಅಲ್ಲ. ಸಂವಿಧಾನದ ೧೭೪ನೆಯ ವಿಧಿಯು ರಾಜ್ಯಪಾಲರು ತಮಗೆ ಸೂಕ್ತವೆಂದು ತೋರಿದ ಕಾಲದಲ್ಲಿಯೂ ಸ್ಥಳದಲ್ಲಿಯೂ ಸದನವನ್ನು ಕರೆಯಬಹುದೆಂದು ಹೇಳುತ್ತದೆ. ೧೯೫೬ರ ವರೆಗೆ ಮಧ್ಯಪ್ರದೇಶದ ರಾಜಧಾನಿಯಾಗಿದ್ದ ನಾಗಪುರ ಆ ಪದವಿಯನ್ನು ಕಳೆದುಕೊಂಡಿತು. ವರ್ಷಕ್ಕೊಂದು ಅಧಿವೇಶನವಾದರೂ ಅಲ್ಲಿ ನಡೆಯಬೇಕೆಂಬುದು ೧೯೫೩ರ ನಾಗಪುರ ಒಪ್ಪಂದದ ಒಂದು ಮಾತು. ಜಮ್ಮು ಕಾಶ್ಮೀರದಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೂ ದರ್ಬಾರು ಬೇಸಗೆಗೆ ಶ್ರೀನಗರಕ್ಕೆ, ಚಳಿಗಾಲಕ್ಕೆ ಜಮ್ಮುವಿಗೆ ಹೋಗುತ್ತಿತ್ತು. ಅದು ದುಂದುವೆಚ್ಚವೆಂದು ೨೦೨೧ರಲ್ಲಿ ನಿಲ್ಲಿಸಲಾಯಿತು. ೨೦೨೫ರಲ್ಲಿ ಮತ್ತೆ ಆರಂಭವಾಯಿತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಜಮ್ಮುವಿಗೆ ಹೋಗುತ್ತಿದ್ದುದು ಬರಿಯ ಸದನವಲ್ಲ. ಕಡತಗಳ ಪೆಟ್ಟಿಗೆಗಳೂ ಲಾರಿಗಳಲ್ಲಿ ಹೋಗುತ್ತಿದ್ದುವು. ಆರು ತಿಂಗಳ ಕಾಲ ಸರಕಾರ ನಿಜವಾಗಿಯೂ ಅಲ್ಲಿರುತ್ತಿತ್ತು.

ನಮ್ಮಲ್ಲಿ ಹಾಗಲ್ಲ. ದೇವಾಲಯದ ಜಾತ್ರೆಯಲ್ಲಿ ಮೂಲವಿಗ್ರಹ ಗರ್ಭಗುಡಿಯನ್ನು ಬಿಟ್ಟು ಕದಲುವುದಿಲ್ಲ. ಬೀದಿಗೆ ಬರುವುದು ಉತ್ಸವಮೂರ್ತಿ. ಬೆಳಗಾವಿಗೆ ಬರುವುದೂ ಉತ್ಸವಮೂರ್ತಿಯೇ. ಆಜ್ಞೆ ಹೊರಡಿಸುವ ಸಚಿವಾಲಯ, ಹಣ ಬಿಡುಗಡೆಯ ಅಧಿಕಾರ, ತೀರ್ಮಾನದ ಕಡತ, ಎಲ್ಲವೂ ಬೆಂಗಳೂರಿನಲ್ಲಿ. ಮಂತ್ರಿಗಳು ಸದನದಲ್ಲಿ ಕೊಟ್ಟ ಭರವಸೆ ಅವರ ಸಂಗಡವೇ ಮರಳಿ ಬೆಂಗಳೂರಿಗೆ ಹೋಗುತ್ತದೆ. ಅದನ್ನು ಹಿಂಬಾಲಿಸಿ ಪ್ರಜೆಯೂ ಅಲ್ಲಿಗೇ ಹೋಗಬೇಕು. ಬೀದರಿನವನಿಗಂತೂ ಬೆಳಗಾವಿಯೂ ಹತ್ತಿರವಲ್ಲ, ಬೆಂಗಳೂರೂ ಹತ್ತಿರವಲ್ಲ. ಅವನು ಕಳೆದುಕೊಂಡ ಕೂಲಿ, ತೆತ್ತ ಬಸ್ಸಿನ ಹಣ, ಮೊಗಸಾಲೆಯಲ್ಲಿ ಕಾದ ದಿನಗಳು ಸರಕಾರದ ಯಾವ ಆಯವ್ಯಯದಲ್ಲಿಯೂ ಕಾಣುವುದಿಲ್ಲ. ವೆಚ್ಚದ ಪುಸ್ತಕದ ಓದದ ಪುಟ ಇದೇ.

ಈ ಪುಟ ಎಷ್ಟು ಹಳೆಯದೆಂಬುದನ್ನು ವಾಚಕರು ಬಲ್ಲರು. ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿಯು ೨೦೦೨ರಲ್ಲಿ ೧೧೪ ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ ಅತ್ಯಂತ ಹಿಂದುಳಿದವು ೩೯. ಆ ೩೯ರಲ್ಲಿ ೨೬ ಉತ್ತರ ಕರ್ನಾಟಕದವು. ಇಪ್ಪತ್ತೆರಡು ವರ್ಷಗಳ ಬಳಿಕ, ೨೦೨೪ರಲ್ಲಿ, ಅದೇ ಅಸಮತೋಲನವನ್ನು ಅಳೆಯಲು ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಇನ್ನೊಂದು ಸಮಿತಿ ನೇಮಕವಾಯಿತು. ಇನ್ನೊಂದು ಸಂಗತಿ: ೨೦೧೯ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಉಕ್ಕಿ ಬೆಳಗಾವಿ ಸೀಮೆ ನೀರಿನಲ್ಲಿ ಮುಳುಗಿತು. ಆ ಅಕ್ಟೋಬರಿನಲ್ಲಿ ಸದನ ಕೂಡಿದ್ದು ಬೆಂಗಳೂರಿನಲ್ಲಿ. ಅಧಿಕಾರಿಗಳು ಪರಿಹಾರಕಾರ್ಯದಲ್ಲಿ ತೊಡಗಿದ್ದಾರೆಂಬ ಕಾರಣ ಹೇಳಲಾಯಿತು. ಆ ಕಾರಣ ಸಣ್ಣದಲ್ಲ. ಆದರೂ ಸಂಕಟದ ಸ್ಥಳಕ್ಕೆ ಸದನ ಹೋಗಬೇಕಾದ ವರ್ಷವೊಂದಿದ್ದರೆ ಅದು ಆ ವರ್ಷವಾಗಿತ್ತು.

ಸ್ಥಳಾಂತರವೆಲ್ಲವೂ ವ್ಯರ್ಥವೆಂದು ಇದರಿಂದ ಯಾರೂ ತಿಳಿಯಬಾರದು. ೨೦೦೮ರ ಜುಲೈಯಲ್ಲಿ ಉಚ್ಚ ನ್ಯಾಯಾಲಯದ ಪೀಠಗಳು ಧಾರವಾಡ, ಕಲಬುರಗಿಗಳಿಗೆ ಬಂದುವು, ೨೦೧೩ರಲ್ಲಿ ಶಾಶ್ವತವಾದುವು. ಅಲ್ಲಿಗೆ ಹೋದದ್ದು ನ್ಯಾಯಾಧೀಶರ ಮೆರವಣಿಗೆಯಲ್ಲ, ತೀರ್ಪು ಕೊಡುವ ಅಧಿಕಾರ. ಬೀದರಿನ ಕಕ್ಷಿದಾರ ಇಂದು ತನ್ನ ಮೇಲ್ಮನವಿಗಾಗಿ ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ಆ ಪೀಠಗಳಿಗೂ ಹಣ ವೆಚ್ಚವಾಗುತ್ತಿದೆ. ಅದು ದುಂದೆಂದು ವರ್ಷ ವರ್ಷವೂ ಕೂಗು ಏಳುವುದಿಲ್ಲ.

ಆದಕಾರಣ ಅಧಿವೇಶನ ಬೇಕೆ ಬೇಡವೆ ಎಂಬುದಕ್ಕಿಂತ, ಅದರೊಡನೆ ಏನು ಹೋಗಬೇಕೆಂಬುದೇ ಮುಖ್ಯ ಪ್ರಶ್ನೆ. ಪ್ರತಿ ಬೆಳಗಾವಿ ಅಧಿವೇಶನದ ಮೊದಲ ದಿನವೇ ಹಿಂದಿನ ವರ್ಷ ಅಲ್ಲಿ ಕೊಟ್ಟ ಭರವಸೆಗಳ ಗತಿಯೇನಾಯಿತೆಂಬ ವರದಿ ಸದನದ ಮುಂದೆ ಬರಲಿ. ಉತ್ತರ ಕರ್ನಾಟಕದ ಚರ್ಚೆ ಕೊನೆಯ ದಿನಗಳ ಆಯಾಸಕ್ಕೆ ಉಳಿಯದೆ ಮೊದಲ ದಿನಗಳಲ್ಲಿಯೇ ನಡೆಯಲಿ. ನೀರಾವರಿ, ಕಬ್ಬು, ಗಡಿಭಾಗದ ಶಾಲೆಗಳಿಗೆ ಸಂಬಂಧಿಸಿ, ಸಹಿ ಹಾಕಬಲ್ಲ ಅಧಿಕಾರಿಗಳ ಕಚೇರಿಗಳು ಸೌಧದಲ್ಲಿ ವರ್ಷವಿಡೀ ತೆರೆದಿರಲಿ. ರಾಜ್ಯಮಟ್ಟದ ಕಚೇರಿಗಳನ್ನು ಉತ್ತರಕ್ಕೆ ಕಳುಹಿಸುವ ತೀರ್ಮಾನಗಳು ಹಿಂದೆಯೂ ಆಗಿವೆ. ತೀರ್ಮಾನದಷ್ಟು ವೇಗವಾಗಿ ಕಚೇರಿಗಳು ನಡೆದಿಲ್ಲ.

ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ನಮ್ಮ ಜನ ಸುಮ್ಮನೆ ಕಟ್ಟಲಿಲ್ಲ. ಕೊಡುವ ಕೈ ಬೆಳಗಾವಿಯಲ್ಲಿ ಉಳಿಯುವುದಾದರೆ ಈಗಿನ ವೆಚ್ಚ ಇಮ್ಮಡಿಯಾದರೂ ತೆರಿಗೆದಾರನಾಗಿ ನಾನು ಗೊಣಗಲಾರೆ. ಉಳಿಯದಿದ್ದರೆ, ಅರ್ಧ ಖರ್ಚಿನಲ್ಲಿ ನಡೆದ ಅಧಿವೇಶನವೂ ದುಬಾರಿಯೇ.