ಧೈರ್ಯ ಹೇಳುವವರು ಸಾಕು, ಫೈಲು ಹಿಡಿಯುವವರು ಬೇಕು

ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಎಂದು ಗೊತ್ತಾದ ಮೊದಲ ವಾರ ಫೋನಿಗೆ ಬಿಡುವಿರುವುದಿಲ್ಲ. ಧೈರ್ಯವಾಗಿರಿ, ದೇವರಿದ್ದಾನೆ, ಈಗೆಲ್ಲ ಇದೇನು ದೊಡ್ಡ ಕಾಯಿಲೆಯೇ ಅಲ್ಲ, ಮನಸ್ಸು ಗಟ್ಟಿ ಇದ್ದರೆ ಅರ್ಧ ವಾಸಿಯಾದ ಹಾಗೆ. ಹೇಳುವವರ ಪ್ರೀತಿಯ ಬಗ್ಗೆ ಅನುಮಾನವಿಲ್ಲ. ಆದರೆ ಎರಡು ಮೂರು ತಿಂಗಳಲ್ಲಿ ಆ ಕರೆಗಳು ತಾವಾಗಿಯೇ ನಿಂತುಹೋಗುತ್ತವೆ. ಕೂದಲು ಉದುರಿ, ಬಾಯಿ ಹುಣ್ಣಾಗಿ, ಕೂಡಿಟ್ಟ ದುಡ್ಡು ಕರಗಿ, ಮನೆಯವರ ಮುಖದಲ್ಲೂ ಸುಸ್ತು ಕಾಣತೊಡಗುವುದು ಸರಿಯಾಗಿ ಆ ಹೊತ್ತಿಗೆ. ಆಸರೆ ಎಂಬುದನ್ನು ನಾವು ಮಾತಿನಲ್ಲಿ ಅಳೆಯುತ್ತಿದ್ದೇವೆ, ದುಡಿಮೆಯಲ್ಲಿ ಅಳೆಯಬೇಕು ಎಂಬುದು ನನ್ನ ವಾದ.

ಮೊದಲಿಗೆ ಆ ಗಟ್ಟಿ ಮನಸ್ಸಿನ ವಿಚಾರ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಕಾಯ್ನ್ ಮತ್ತು ಸಂಗಡಿಗರು 2007ರಲ್ಲಿ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಇದ್ದ 1,093 ರೋಗಿಗಳ ಮಾಹಿತಿಯನ್ನು ಜಾಲಾಡಿ ಒಂದು ಪ್ರಬಂಧ ಪ್ರಕಟಿಸಿದರು. ತಂಬಾಕು, ಗುಟ್ಕಾದಿಂದ ನಮ್ಮಲ್ಲಿ ಬರುವ ಬಾಯಿ ಕ್ಯಾನ್ಸರೂ ಇದೇ ಗುಂಪಿಗೆ ಸೇರಿದ್ದು. ಚಿಕಿತ್ಸೆಯ ಆರಂಭದಲ್ಲಿ ಮನಸ್ಸು ಉಲ್ಲಾಸದಿಂದ ಇದ್ದವರು ಹೆಚ್ಚು ಕಾಲ ಬದುಕಿದರೇ, ಕುಗ್ಗಿದವರು ಬೇಗ ಹೋದರೇ ಎಂದು ನೋಡಿದರೆ ಅಂಥ ಯಾವ ನಂಟೂ ಕಾಣಲಿಲ್ಲ. ಮನಸ್ಸು ಹಗುರಾಗಿದ್ದರೆ ದಿನ ಹಗುರಾಗುತ್ತದೆ, ಅಷ್ಟೇ ಸಾಕು ಅದಕ್ಕೆ. ಗೆಡ್ಡೆ ಕರಗಿಸುವ ಹೊರೆಯನ್ನೂ ಅದರ ಮೇಲೆ ಹೇರಿದರೆ ಕಾಯಿಲೆ ಮರುಕಳಿಸಿದ ದಿನ ತಪ್ಪು ರೋಗಿಯ ತಲೆಗೇ ಬರುತ್ತದೆ. "ಅವಳು ಮೊದಲಿನಿಂದಲೂ ಅಂಜುಬುರುಕಿ" ಎಂದು ಸಾವಿನ ಮನೆಯಲ್ಲೇ ಪಿಸುಗುಟ್ಟುವವರನ್ನು ನಾನು ಕಂಡಿದ್ದೇನೆ. ಅಳುವುದಕ್ಕೂ ರೋಗಿಗೆ ಹಕ್ಕಿದೆ.

ಹಾಗಾದರೆ ಜೊತೆಗೆ ಜನ ಇರುವುದರಿಂದ ಪ್ರಯೋಜನವೇ ಇಲ್ಲವೇ? ಖಂಡಿತ ಇದೆ, ಅದಕ್ಕೂ ಲೆಕ್ಕ ಸಿಗುತ್ತದೆ. ಅಮೆರಿಕದಲ್ಲಿ 2004ರಿಂದ 2008ರ ನಡುವೆ ಕ್ಯಾನ್ಸರ್ ಪತ್ತೆಯಾದ ಏಳು ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಸಂಗಾತಿ ಇದ್ದವರು ಕ್ಯಾನ್ಸರಿನಿಂದ ಸಾಯುವ ಸಂಭವ ಉಳಿದವರಿಗಿಂತ ಸುಮಾರು ಶೇ 20ರಷ್ಟು ಕಡಿಮೆ ಇತ್ತು. ಅದೇ ಅಧ್ಯಯನದಲ್ಲಿ ಇನ್ನೆರಡು ಅಂಶಗಳೂ ಕಂಡವು: ಸಂಗಾತಿ ಇದ್ದವರಲ್ಲಿ ಕಾಯಿಲೆ ಮೈಯೆಲ್ಲ ಹರಡುವ ಮುಂಚೆಯೇ ಪತ್ತೆಯಾದದ್ದು ಹೆಚ್ಚು, ತಕ್ಕ ಚಿಕಿತ್ಸೆ ಸಿಕ್ಕಿದ್ದೂ ಅವರಿಗೇ ಹೆಚ್ಚು. ಇದು ತಾಳಿಯ ಮಹಿಮೆ ಎಂದು ನಾನು ಓದಲಾರೆ. "ಆ ಗಂಟು ಒಂದ್ಸಲ ತೋರಿಸ್ಕೊಂಡು ಬಾ" ಎಂದು ದಿನಾ ಕಾಟ ಕೊಡಲು, "ಇವತ್ತು ತಪ್ಪಿಸೋ ಹಾಗಿಲ್ಲ, ಏಳು" ಎಂದು ಎಬ್ಬಿಸಲು ಮನೆಯಲ್ಲಿ ಒಬ್ಬರಿದ್ದರು ಎಂದೇ ನನಗೆ ತೋರುತ್ತದೆ.

ಅಮೆರಿಕದ್ದೇ ಆದ 2006ರ ಇನ್ನೊಂದು ಅಧ್ಯಯನ ನನಗೆ ಇದಕ್ಕಿಂತ ಮುಖ್ಯ. ಸ್ತನ ಕ್ಯಾನ್ಸರ್ ಆದ 2,835 ನರ್ಸುಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಆ ಸಂಶೋಧಕರಿಗೆ, ಯಾರೂ ಇಲ್ಲದ ಒಂಟಿ ಹೆಂಗಸರ ಸಾವಿನ ಅಪಾಯ ಶೇ 66ರಷ್ಟು ಹೆಚ್ಚು ಎಂದು ಕಂಡಿತು. ಮನಸ್ಸು ಬಿಚ್ಚಿ ಮಾತಾಡಲು ಒಬ್ಬರಿದ್ದಾರೆಯೇ ಎಂಬುದರಿಂದ ಮಾತ್ರ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಕಂಡಿದ್ದು ಗೆಳತಿಯರು, ನೆಂಟರು, ಬೆಳೆದ ಮಕ್ಕಳು ಇದ್ದವರಲ್ಲಿ. ಇವರೆಲ್ಲ ಕೈಯಾರೆ ಮಾಡುವ ಆರೈಕೆಯೇ ಇದಕ್ಕೆ ಕಾರಣವಿರಬೇಕು ಎಂದು ಸಂಶೋಧಕರು ಊಹಿಸಿದರು.

ಆ ಆರೈಕೆ ಎಂಥದ್ದು ಎಂದು ಹೊರಗಿನವರಿಗೆ ತಿಳಿಯುವುದು ಕಷ್ಟ, ಏಕೆಂದರೆ ಅದರಲ್ಲಿ ನಾಟಕೀಯವಾದದ್ದು ಏನೂ ಇಲ್ಲ. ಹಲವು ಬಗೆಯ ಕೀಮೋ 21 ದಿನಕ್ಕೊಂದು ಸುತ್ತು. ಔಷಧಿ ಹೋದ ದಿನ ರೋಗಿ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತಾರೆ. ಬಂದು ನೋಡಿದವರು "ಪರವಾಗಿಲ್ವಲ್ಲ" ಎಂದು ಸಮಾಧಾನಪಟ್ಟು ಹೋಗುತ್ತಾರೆ. ಬಿಳಿ ರಕ್ತಕಣ ಪಾತಾಳಕ್ಕೆ ಇಳಿಯುವುದು ವಾರ ಕಳೆದ ಮೇಲೆ, ಎರಡನೇ ವಾರದ ಒಳಗೆ. ಆಗ 100.4 ಡಿಗ್ರಿ ಮುಟ್ಟಿದ ಜ್ವರ ಸಾಮಾನ್ಯ ಜ್ವರವಲ್ಲ. ಒಂದು ಮಾತ್ರೆ ನುಂಗಿ ಬೆಳಗಿನವರೆಗೆ ಕಾಯೋಣ ಎಂದರೆ ಜೀವಕ್ಕೇ ಸಂಚಕಾರ, ನಡುರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು. ಆ ರಾತ್ರಿ ಥರ್ಮಾಮೀಟರ್ ಇಟ್ಟು ನೋಡುವವರು ಯಾರು, ಗಾಡಿ ತೆಗೆಯುವವರು ಯಾರು, ಮಲಗಿದ ಮಕ್ಕಳ ಜೊತೆ ಇರುವವರು ಯಾರು? ಧೈರ್ಯದ ಮಾತೆಲ್ಲ ಈ ಮೂರು ಪ್ರಶ್ನೆಗಳ ಮುಂದೆ ಸುಮ್ಮನಾಗುತ್ತದೆ.

ನಮ್ಮ ಚಿಕ್ಕಮ್ಮನ ಚಿಕಿತ್ಸೆ ನಡೆಯುವಾಗ ಅವರ ಫೈಲು ಹಿಡಿದದ್ದು ನಮ್ಮಲ್ಲಿ ಯಾರೂ ಅಲ್ಲ, ಪಕ್ಕದ ಬೀದಿಯ ಗೆಳತಿ, ಹೈಸ್ಕೂಲಿನಲ್ಲಿ ಗುಮಾಸ್ತೆಯಾಗಿ ನಿವೃತ್ತರಾದವರು. ಬಯಾಪ್ಸಿ ರಿಪೋರ್ಟು, ಸ್ಕ್ಯಾನಿನ ಫಿಲ್ಮು, ತಾಲ್ಲೂಕು ಆಸ್ಪತ್ರೆಯ ರೆಫರಲ್ ಚೀಟಿ, ರೇಷನ್ ಕಾರ್ಡು ಮತ್ತು ಆಧಾರಿನ ಜೆರಾಕ್ಸ್ ಪ್ರತಿಗಳು, ಎಲ್ಲ ತಾರೀಖಿನ ಪ್ರಕಾರ. ಜೊತೆಗೊಂದು ನೋಟ್‌ಬುಕ್ಕು: ಯಾವತ್ತು ಎಷ್ಟು ಜ್ವರ, ಯಾವ ಮಾತ್ರೆ, ರಕ್ತದ ಕೌಂಟು ಎಷ್ಟು. ಕೊನೆಯ ಪುಟದಲ್ಲಿ ಡಾಕ್ಟರಿಗೆ ಕೇಳಬೇಕಾದ್ದು. ಚಿಕ್ಕಮ್ಮ ಡಾಕ್ಟರ ಎದುರು ಕೂತರೆ ಯಾವಾಗಲೂ ಒಂದೇ ಮಾತು, "ಆರಾಮಿದೀನಿ ಡಾಕ್ಟ್ರೇ." ಒಂದು ಸಲ ಗೆಳತಿ ತಡೆದರು. "ಏನ್ ಆರಾಮು? ನಿನ್ನೆ ಲೋಟ ಕೈಜಾರಿ ಬೀಳ್ಲಿಲ್ವಾ, ಹೇಳೇ." ಬೆರಳ ತುದಿಯ ಜೋಮು ಒಂದು ಜಾತಿಯ ಕೀಮೋ ಔಷಧಿಯಿಂದ ನರಕ್ಕೆ ತಗಲುವ ಪೆಟ್ಟು, ಕಂಡ ಕೂಡಲೇ ಹೇಳದಿದ್ದರೆ ಅದು ಉಳಿದೇಬಿಡಬಹುದು. ಡಾಕ್ಟರು ಆ ದಿನವೇ ಔಷಧಿಯ ಪ್ರಮಾಣ ಇಳಿಸಿದರು. ಮನೆಯವರಾದ ನಾವು ಆ ಲೋಟ ಬಿದ್ದದ್ದನ್ನು ನೋಡಿದ್ದೆವು, ಒರೆಸಿ ಸುಮ್ಮನಾಗಿದ್ದೆವು.

ಗೆಳೆತನಕ್ಕೆ ಇಲ್ಲಿ ರಕ್ತಸಂಬಂಧಕ್ಕಿಲ್ಲದ ಒಂದು ಅನುಕೂಲವಿದೆ. ಮಗನಿಗೆ ತಾಯಿಯ ಭೇದಿಯ ವಿಚಾರ ಕೇಳಲು ಸಂಕೋಚ, ಗಂಡನಿಗೆ ಭಯ, ಮಗಳು ಎದುರಿಗೆ ನಗುತ್ತಿದ್ದು ಬಚ್ಚಲಲ್ಲಿ ಅಳುತ್ತಾಳೆ. ಸ್ವಲ್ಪ ದೂರ ನಿಂತವರಿಗೆ ಮಾತ್ರ ಲೆಕ್ಕ ಇಡಲು ಬೇಕಾದ ತಣ್ಣಗಿನ ತಲೆ ಇರುತ್ತದೆ.

ನೋಡಲು ಬರುವವರ ಬಗ್ಗೆ ಹೆಚ್ಚು ಹೇಳದಿರುವುದೇ ಒಳ್ಳೆಯದು. ಮೂಸಂಬಿ ಚೀಲ ಹಿಡಿದು, ನೆಗಡಿಯ ಮೂಗು ಒರೆಸಿಕೊಳ್ಳುತ್ತ ಬಂದು, "ನಮ್ಮ ಷಡ್ಡಕನಿಗೂ ಇದೇ ಆಗಿತ್ತು ಕಣ್ರೀ, ಪಾಪ, ಆರೇ ತಿಂಗಳು" ಎಂದು ಶುರುಮಾಡುವವರಿಗೆ ಬಾಗಿಲಲ್ಲೇ ಕೈಮುಗಿಯಬಹುದು. ಒಗ್ಗರಣೆಯ ವಾಸನೆಗೇ ಹೊಟ್ಟೆ ತೊಳಸುವ ದಿನಗಳಲ್ಲಿ ತಟ್ಟೆ ತುಂಬ ಬಡಿಸಿ "ತಿಂದ್ರೆ ತಾನೇ ಶಕ್ತಿ ಬರೋದು" ಎಂದು ಕೂರುವುದೂ ಉಪಕಾರವಲ್ಲ. ತೆಳ್ಳಗಿನ ಗಂಜಿ, ಕೇಳಿದಾಗ, ಕೇಳಿದಷ್ಟು. ಲಕ್ಷ್ಮಣ ಫಲ ತಿಂದರೆ ಕ್ಯಾನ್ಸರ್ ವಾಸಿ ಎಂದು ವಾಟ್ಸಾಪಿನಲ್ಲಿ ಕಳಿಸುವವರು ಆ ಹೊತ್ತಿನಲ್ಲಿ ರೋಗಿಯ ಮನೆಗೆ ಒಂದು ಕ್ಯಾನ್ ಕುಡಿಯುವ ನೀರು ತಂದಿಟ್ಟರೆ ಪುಣ್ಯ ಬಂದೀತು.

ಈಗ ಕಹಿಯಾದ ಮಾತು. "ಕುಟುಂಬ ನೋಡಿಕೊಳ್ಳುತ್ತದೆ" ಎನ್ನುವಾಗ ನೋಡಿಕೊಳ್ಳುವುದು ಸಾಮಾನ್ಯವಾಗಿ ಒಬ್ಬಳೇ. ಹೆಂಡತಿ, ಸೊಸೆ ಅಥವಾ ಮದುವೆಯಾಗದ ಮಗಳು. ಉಳಿದವರು ಬಂದು ಹೋಗುವವರು. ಆ ಒಬ್ಬಳೇ ಕಾಯಿಲೆ ಬಿದ್ದರೆ? 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಮಿದುಳಿನ ಗೆಡ್ಡೆ, ಕ್ಯಾನ್ಸರಿನಂಥ ಗಂಭೀರ ಕಾಯಿಲೆಗೆ ಒಳಗಾದ 515 ಜನರನ್ನು ಗಮನಿಸಿದಾಗ, ರೋಗಿ ಹೆಂಡತಿಯಾಗಿದ್ದರೆ ಶೇ 20.8ರಷ್ಟು ದಾಂಪತ್ಯಗಳು ಮುರಿದಿದ್ದವು, ಗಂಡನಾಗಿದ್ದರೆ ಶೇ 2.9 ಮಾತ್ರ. ನಮ್ಮಲ್ಲಿ ಹಾಗೆ ಬಿಟ್ಟುಹೋಗುವವರು ಕಡಿಮೆ ಎಂದು ಹೆಮ್ಮೆಪಡುವ ಮೊದಲು ಕೀಮೋ ವಾರ್ಡಿನಿಂದ ಮನೆಗೆ ಬಂದ ಹೆಂಗಸು ಸಂಜೆ ಏನು ಮಾಡುತ್ತಿದ್ದಾಳೆ ಎಂದು ಇಣುಕಿ ನೋಡಬೇಕು. ಸ್ಕಾರ್ಫು ಕಟ್ಟಿಕೊಂಡು ಚಪಾತಿ ಲಟ್ಟಿಸುತ್ತಿರುತ್ತಾಳೆ. ಮನೆ ಬಿಟ್ಟು ಹೋಗದಿದ್ದ ಮಾತ್ರಕ್ಕೆ ಜೊತೆಗಿದ್ದ ಹಾಗೆ ಆಗುವುದಿಲ್ಲ.

ಪ್ರೀತಿಯ ಹೆಸರಿನಲ್ಲಿ ನಾವು ಮಾಡುವ ಇನ್ನೊಂದು ಕೆಲಸ, ಮುಚ್ಚಿಡುವುದು. ಡಾಕ್ಟರ ಕೋಣೆಗೆ ರೋಗಿಗಿಂತ ಮೊದಲು ಮಗ ನುಗ್ಗುತ್ತಾನೆ: "ಅಪ್ಪನಿಗೆ ಹೇಳ್ಬೇಡಿ ಸಾರ್, ತಡ್ಕೊಳಲ್ಲ." ಅಪ್ಪನಿಗೆ ಹೇಳಿರುವುದು ಗಂಟು, ಅಲ್ಸರ್, ಇನ್‌ಫೆಕ್ಷನ್. ಅದೇ ಅಪ್ಪ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಗೇಟು ದಾಟಿ, ಬೋರ್ಡು ಓದಿ, ತನ್ನಂಥ ನೂರಾರು ಜನರ ಜೊತೆ ಬೆಂಚಿನ ಮೇಲೆ ಕೂತು ಬಂದಿರುತ್ತಾರೆ. ಅವರಿಗೆ ಗೊತ್ತು. ಗೊತ್ತಿದೆ ಎಂದು ತೋರಿಸಿಕೊಂಡರೆ ಮಗ ಕುಸಿಯುತ್ತಾನೆ ಎಂದು ಅವರೂ ನಟಿಸುತ್ತಾರೆ. ಹೀಗೆ ಒಂದೇ ಸೂರಿನಡಿ ಎಲ್ಲರೂ ಒಬ್ಬರಿಂದ ಒಬ್ಬರನ್ನು ಕಾಪಾಡುತ್ತ ಒಂಟಿಯಾಗುತ್ತಾರೆ. ಅಪ್ಪನಿಗೆ ನೋವು ಎಷ್ಟಿದೆ ಎಂದು ಬಾಯಿಬಿಟ್ಟು ಹೇಳಲಾಗದು, ಬ್ಯಾಂಕಿನ ನಾಮಿನಿ ಬದಲಿಸಲಾಗದು, ಇನ್ನು ಸಾಕು ಎನ್ನಲಾಗದು.

ರೋಗಿಯನ್ನು ಬದಿಗಿಟ್ಟು ಮನೆಯವರು ತೀರ್ಮಾನಿಸುವುದನ್ನು ಕಾನೂನೂ ಒಪ್ಪುವುದಿಲ್ಲ. ಅರಿವಳಿಕೆಯಲ್ಲಿದ್ದ ವಯಸ್ಕ ಮಗಳ ಪರವಾಗಿ ತಾಯಿ ಕೊಟ್ಟ ಒಪ್ಪಿಗೆಯ ಮೇಲೆ ಗರ್ಭಕೋಶ ತೆಗೆದ ಪ್ರಕರಣವೊಂದರಲ್ಲಿ, ಜೀವಕ್ಕೆ ತಕ್ಷಣದ ಅಪಾಯವಿಲ್ಲದಿರುವಾಗ ಆ ಒಪ್ಪಿಗೆ ಸಲ್ಲದು, ರೋಗಿಯದೇ ಬೇಕು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು. ಎಲ್ಲ ಗೊತ್ತಾಗುವುದು ಬೇಡ ಎನ್ನುವ ರೋಗಿಗಳೂ ಇದ್ದಾರೆ, ಒಪ್ಪುತ್ತೇನೆ. ಅವರನ್ನೇ ಕೇಳಿದರಾಯಿತು: "ವಿವರವೆಲ್ಲ ನಿಮಗೇ ಹೇಳ್ಲಾ, ಮಗನಿಗೆ ಹೇಳ್ಲಾ?" ಬೇಡ ಎನ್ನುವುದು ಅವರ ಆಯ್ಕೆಯಾದರೆ ಸರಿ, ಮಗನ ಆಯ್ಕೆಯಾಗಬಾರದು.

ಇಷ್ಟಾದರೂ ಕುಟುಂಬ ಬೇಕು, ಗೆಳೆಯರು ಬೇಕು ಎಂದಷ್ಟೇ ಹೇಳಿ ನಿಲ್ಲಿಸಿದರೆ ಮಾತು ಅರ್ಧವಾಗುತ್ತದೆ. ಜೊತೆಗಿರುವುದಕ್ಕೂ ದುಡ್ಡು ಬೇಕು. ರೇಡಿಯೇಷನ್ ಎಂದರೆ ಸಾಮಾನ್ಯವಾಗಿ ವಾರಕ್ಕೆ ಐದು ದಿನ, ಐದಾರು ವಾರ. ಯಂತ್ರದ ಕೆಳಗೆ ಮಲಗುವುದು ದಿನಕ್ಕೆ ಕೆಲವೇ ನಿಮಿಷ. ಆ ಕೆಲವು ನಿಮಿಷಕ್ಕಾಗಿ ದೂರದ ಜಿಲ್ಲೆಯ ಕೂಲಿಯವನು ತಿಂಗಳಿಗೂ ಹೆಚ್ಚು ಬೆಂಗಳೂರಿನಲ್ಲಿರಬೇಕು, ಜೊತೆಗೆ ಬಂದವನ ಕೂಲಿಯೂ ಹೋಯಿತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಜೊತೆಗಿರುವವನ ಊಟ, ಬಾಡಿಗೆ, ಕಳೆದುಹೋದ ಸಂಬಳ ಯಾವ ಪ್ಯಾಕೇಜಿನಲ್ಲೂ ಇಲ್ಲ. ಬಡವನ ಚಿಕಿತ್ಸೆ ಎಷ್ಟೋ ಸಲ ಅರ್ಧಕ್ಕೆ ನಿಲ್ಲುವುದು ಈ ಖರ್ಚಿನಿಂದಲೇ.

ಇದಕ್ಕೆ ದಾರಿ ಇಲ್ಲವೆಂದಲ್ಲ. ಪಕ್ಕದ ಕೇರಳವನ್ನು ನೋಡಬಹುದು. ಕೋಳಿಕ್ಕೋಡಿನ ಮೆಡಿಕಲ್ ಕಾಲೇಜಿನಲ್ಲಿ 1993ರಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ನೋವು ಶಮನದ ಸಣ್ಣ ಕ್ಲಿನಿಕ್ ಶುರುಮಾಡಿದರು. ಕೆಲವೇ ವರ್ಷಗಳಲ್ಲಿ ಅದು ಊರವರ ಕೆಲಸವಾಗಿ ಬೆಳೆಯಿತು. ಅಂಗಡಿಯವರು, ಮೇಷ್ಟ್ರುಗಳು, ವಿದ್ಯಾರ್ಥಿಗಳು ತರಬೇತಿ ಪಡೆದು, ವಾರಕ್ಕೆ ಒಂದೆರಡು ಗಂಟೆ ನೆರೆಯ ರೋಗಿಗೆ ಕೊಡತೊಡಗಿದರು. ಸ್ನಾನ ಮಾಡಿಸುವುದು, ಗಾಯ ತೊಳೆಯುವುದು, ಅಕ್ಕಿ ತಲುಪಿಸುವುದು, ಮಕ್ಕಳ ಶಾಲೆಯ ಫೀಜು ಕಟ್ಟುವುದು. 2008ರಲ್ಲಿ ಕೇರಳ ಸರ್ಕಾರ ಇದಕ್ಕೊಂದು ನೀತಿಯನ್ನೇ ರೂಪಿಸಿತು, ದೇಶದಲ್ಲಿ ಮೊದಲು. ನಮ್ಮಲ್ಲೂ ಬೆಂಗಳೂರಿನ ಕರುಣಾಶ್ರಯ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಒಂದು ಪೈಸೆ ಕೇಳದೆ ನೋಡಿಕೊಳ್ಳುತ್ತಿದೆ. ನಮ್ಮ ತಾಲ್ಲೂಕುಗಳಲ್ಲಿ ಸ್ತ್ರೀಶಕ್ತಿ ಸಂಘ, ಹಾಲಿನ ಡೇರಿ, ಯುವಕ ಸಂಘ ಯಾವುದಕ್ಕೂ ಬರವಿಲ್ಲ. ಗಣೇಶೋತ್ಸವಕ್ಕೆ ಮನೆಮನೆ ಸುತ್ತುವ ಕಾಲುಗಳು ಒಬ್ಬ ರೋಗಿಯ ರೆಫರಲ್ ಚೀಟಿಗಾಗಿ ಜಿಲ್ಲಾಸ್ಪತ್ರೆಗೆ ನಡೆಯಲಾರವೇ?

ರೈಲ್ವೆ ಇಲಾಖೆಗೆ ಒಂದು ಸಂಗತಿ ಎಂದೋ ತಿಳಿದಿದೆ: ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಬೋಗಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವವರಿಗೆ ಶೇ 75. ಜೊತೆಗಿರುವವರೂ ಚಿಕಿತ್ಸೆಯ ಒಂದು ಭಾಗ ಎಂಬ ಈ ತಿಳಿವಳಿಕೆ ನಮ್ಮ ಕಚೇರಿ, ಕಾರ್ಖಾನೆ, ಗಾರ್ಮೆಂಟ್ಸ್‌ಗಳಿಗೆ ಇನ್ನೂ ಬಂದಿಲ್ಲ. ಅಮ್ಮನ ಕೀಮೋ ಎಂದು ರಜೆ ಕೇಳಿದ ಹುಡುಗಿ ಸಂಬಳ ಕಳೆದುಕೊಂಡು ಹೋಗಿಬರುತ್ತಾಳೆ. ಯಜಮಾನರಲ್ಲಿ, ಮ್ಯಾನೇಜರುಗಳಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಕೀಮೋ ತಾರೀಖು ಮೊದಲೇ ಗೊತ್ತಿರುತ್ತದೆ. ಆ ದಿನದ ರಜೆಗೆ ಸಂಬಳ ಹಿಡಿಯಬೇಡಿ. ಓದುಗರಲ್ಲೂ ಒಂದು ಮಾತು: ನಿಮಗೆ ಗೊತ್ತಿರುವ ಒಂದು ಮನೆಯಲ್ಲಿ ಈಗ ಚಿಕಿತ್ಸೆ ನಡೆಯುತ್ತಿದ್ದರೆ "ಏನಾದ್ರೂ ಬೇಕಾದ್ರೆ ಹೇಳಿ" ಎನ್ನಬೇಡಿ, ಅವರು ಹೇಳುವುದಿಲ್ಲ. ಮುಂದಿನ ತಾರೀಖು ಯಾವಾಗ ಎಂದು ಕೇಳಿಕೊಂಡು, ಆ ದಿನ ಬೆಳಿಗ್ಗೆ ಅವರ ಮನೆಗೆ ಹೋಗಿ.