ಕಡಲ ತಡಿಯೂ ಕಳವಾರದ ಬೆಟ್ಟವೂ

ಸಂಸ್ಕೃತದ ‘ವೇಲಾ’ ಎಂಬ ಶಬ್ದಕ್ಕೆ ಕಡಲ ತಡಿ, ಎಲ್ಲೆ, ಕಾಲ ಎಂಬ ಮೂರು ಅರ್ಥಗಳನ್ನೂ ಕೋಶಕಾರರು ಹೇಳಿರುವರು. ನಮ್ಮ ‘ವೇಳೆ’ಯು ಅದರ ತದ್ಭವವೇ. ಕಡಲ ತಡಿಯಲ್ಲಿ ಬಾಳುವವರು ಎಲ್ಲೆಯನ್ನು ಮೀರಬಾರದು, ವೇಳೆಯನ್ನು ತಪ್ಪಬಾರದು ಎಂಬ ಎರಡು ಪಾಠಗಳು ಈ ಒಂದೇ ಶಬ್ದದಲ್ಲಿ ಅಡಗಿವೆ ಎನ್ನಬಹುದು.

ಒಳನಾಡಿನವರಾದ ನಮಗೆ ಕಡಲಿನ ಚಿಂತೆಯೇಕೆಂದು ವಾಚಕರು ಕೇಳಬಹುದು. ನಂದಿಯ ಗಿರಿಶ್ರೇಣಿಯಲ್ಲಿ ಹುಟ್ಟುವ ಉತ್ತರ ಪಿನಾಕಿನಿಯು ನೆಲ್ಲೂರಿನ ಕಡೆಯಲ್ಲಿಯೂ, ದಕ್ಷಿಣ ಪಿನಾಕಿನಿಯು ಕಡಲೂರಿನ ಬಳಿಯಲ್ಲಿಯೂ ಬಂಗಾಳ ಕೊಲ್ಲಿಯನ್ನು ಸೇರುತ್ತವೆ. ಆ ಕಡಲೂರು ಜಿಲ್ಲೆಯು 2004ನೆಯ ಡಿಸೆಂಬರ್ 26ರ ಸುನಾಮಿಗೆ ತುತ್ತಾಯಿತು. ಆದರೆ ಅದೇ ಜಿಲ್ಲೆಯ ಪಿಚ್ಚಾವರಂ ಎಂಬಲ್ಲಿ ಕಾಂಡ್ಲಾ ವನದ ಮರೆಯಲ್ಲಿದ್ದ ಹಳ್ಳಿಗಳಲ್ಲಿ ಹಾನಿಯು ಕಡಿಮೆಯಾಯಿತೆಂದು ಅನಂತರ ಪರಿಶೀಲಿಸಿದವರು ತಿಳಿಸಿದರು.

ಕಾಂಡ್ಲಾ ಗಿಡಗಳು ಉಪ್ಪುನೀರಿನ ಕೆಸರಿನಲ್ಲಿ ಬೇರುಗಳನ್ನು ಹೆಣೆದು ನಿಲ್ಲುತ್ತವೆ. ಆ ಹೆಣಿಗೆಯಲ್ಲಿ ಅಲೆಯ ವೇಗವು ಮುರಿಯುತ್ತದೆ, ಮಣ್ಣು ನಿಲ್ಲುತ್ತದೆ, ಮೀನು, ಸೀಗಡಿಗಳು ಮರಿಮಾಡುತ್ತವೆ. ನಮ್ಮ ನಾಡಿನಲ್ಲಿ ಇದನ್ನು ನೋಡಬೇಕಾದರೆ ಕುಮಟಾ ತಾಲ್ಲೂಕಿನ ಅಘನಾಶಿನಿಯ ಅಳಿವೆಗೆ ಹೋಗಬೇಕು. ಅಲ್ಲಿಯ ಗಜನಿ ಭೂಮಿಯಲ್ಲಿ ಉಪ್ಪುನೀರನ್ನು ಸಹಿಸುವ ಕಗ್ಗ ಎಂಬ ಬತ್ತವನ್ನು ರೈತರು ಬೆಳೆದುಬಂದಿದ್ದಾರೆ. ಬಳಚನ್ನು ಹೆಕ್ಕಿ ಎಷ್ಟೋ ಕುಟುಂಬಗಳು ಹೊಟ್ಟೆಹೊರೆಯುತ್ತವೆ. 2024ರಲ್ಲಿ ಈ ಅಳಿವೆಯು ರಾಮ್ಸರ್ ಪಟ್ಟಿಗೆ ಸೇರಿತು. ಜೀವರಾಶಿಯ ರಕ್ಷಣೆಯೂ ಜನರ ರಕ್ಷಣೆಯೂ ಬೇರೆಬೇರೆಯಲ್ಲವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಗಿಡಗಳನ್ನೇ ನಂಬಿ ಕುಳಿತರೆ ಪ್ರಾಣ ಉಳಿದೀತೆ ಎಂಬ ಆಕ್ಷೇಪವುಂಟು. ಅದು ನ್ಯಾಯವಾದುದೇ. ಒಡಿಶಾದಲ್ಲಿ 1999ರ ಅಕ್ಟೋಬರ್ ತಿಂಗಳಿನ ಚಂಡಮಾರುತಕ್ಕೆ ಸುಮಾರು 10 ಸಾವಿರ ಮಂದಿ ಬಲಿಯಾದರು. 2013ರ ಫೈಲಿನ್ ಚಂಡಮಾರುತದ ಕಾಲಕ್ಕೆ ಸುಮಾರು 10 ಲಕ್ಷ ಜನರನ್ನು ಮುಂಚಿತವಾಗಿಯೇ ಸಾಗಿಸಿದ್ದರಿಂದ ಸತ್ತವರ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. ಮುನ್ಸೂಚನೆ, ಆಶ್ರಯಗೃಹ, ಅಭ್ಯಾಸಗಳಿಂದ ದೊರೆತ ಫಲವಿದು. ಆದರೆ 1999ರಲ್ಲಿಯೂ ಕಾಂಡ್ಲಾ ವನವು ಅಗಲವಾಗಿದ್ದ ಕಡೆಯ ಹಳ್ಳಿಗಳಲ್ಲಿ ಸಾವು ಕಡಿಮೆಯಿತ್ತೆಂದು ವಿದ್ವಾಂಸರು ಲೆಕ್ಕಹಾಕಿ ತೋರಿಸಿದ್ದಾರೆ. ವನವು ಎಲ್ಲೆಯನ್ನು ಕಾಯುತ್ತದೆ. ಮುನ್ಸೂಚನೆಯು ವೇಳೆಯನ್ನು ಕೊಡುತ್ತದೆ. ಒಂದಿದ್ದು ಇನ್ನೊಂದಿಲ್ಲದಿದ್ದರೆ ಒಂಟಿ ಎತ್ತಿನ ಬಂಡಿಯಂತಾದೀತು.

ಎಲ್ಲೆ ಮೀರಿದುದರ ಫಲವನ್ನು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಕಂಡೆವು. ಹೆದ್ದಾರಿಗಾಗಿ ಬುಡ ಕಡಿದಿದ್ದ ಗುಡ್ಡವು ಮಳೆಗೆ ಕುಸಿದು ಹಲವರನ್ನು ಬಲಿತೆಗೆದುಕೊಂಡಿತು. ಮಣ್ಣು ನುಗ್ಗಿದ ರಭಸಕ್ಕೆ ಗಂಗಾವಳಿಯ ನೀರು ಎದ್ದು ಆಚೆ ದಡದ ಮನೆಗಳನ್ನೂ ಕೆಡವಿತು. ಕಡಿದವರಾರೋ, ಕಳೆದುಕೊಂಡವರಾರೋ!

ಇದು ಘಟ್ಟದ ಕೆಳಗಿನ ಮಾತೆಂದು ನಾವು ನೆಮ್ಮದಿಯಿಂದಿರುವಂತಿಲ್ಲ. 2021ರ ಆಗಸ್ಟ್ ತಿಂಗಳಿನಲ್ಲಿ ನಮ್ಮ ನಂದಿ ಬೆಟ್ಟದ ದಾರಿಯೂ ಮಳೆಗೆ ಕುಸಿಯಿತು. ಅದೇ ವರ್ಷದ ನವೆಂಬರಿನಲ್ಲಿ ಜಿಲ್ಲೆಯ ಕೆರೆಗಳು ಕೋಡಿಬಿದ್ದು, ಬರಗಾಲವನ್ನೇ ಕಂಡಿದ್ದ ಜನರು ನೆರೆಯನ್ನು ಕಂಡರು. ಕಳವಾರದ ಬೆಟ್ಟದ ಹುಲ್ಲು, ಕುರುಚಲು, ಬಂಡೆಯ ಸಂದಿನ ಆಲ, ಅತ್ತಿಗಳು ನಮ್ಮ ಪಾಲಿನ ಕಾಂಡ್ಲಾ ವನ. ಕೆರೆ, ರಾಜಕಾಲುವೆಗಳು ನಮ್ಮ ಅಳಿವೆ. ಬೇಸಗೆಯಲ್ಲಿ ಬೆಟ್ಟಕ್ಕೆ ಬೆಂಕಿ ಬಿದ್ದರೆ ಮಳೆಗಾಲದಲ್ಲಿ ಮಣ್ಣು ಕೆರೆಗೆ ಬರುತ್ತದೆ; ಕಾಲುವೆ ಒತ್ತುವರಿಯಾದರೆ ನೀರು ಮನೆಗೆ ಬರುತ್ತದೆ.

ಆದಕಾರಣ ಉಪಾಧ್ಯಾಯ ಮಿತ್ರರು ಮೇಲಿನ ತರಗತಿಯ ಮಕ್ಕಳಿಂದ ಊರಿನ ನೀರಿನ ದಾರಿಗಳ ಚಿತ್ರಪಟವೊಂದನ್ನು ಬರೆಯಿಸಲಿ. ಮಳೆಗಾಲಕ್ಕೆ ಮುಂಚೆ, ಅಪಾಯದಲ್ಲಿ ಎತ್ತ ಸಾಗಬೇಕು, ಮುದುಕರನ್ನೂ ದನಕರುಗಳನ್ನೂ ಯಾರು ಕರೆದೊಯ್ಯಬೇಕು ಎಂಬುದರ ಅಭ್ಯಾಸ ಮಾಡಿಸಲಿ. ಹಳೆಯ ವಿದ್ಯಾರ್ಥಿಗಳು ಪಂಚಾಯಿತಿಯನ್ನೂ ಅರಣ್ಯ ಇಲಾಖೆಯನ್ನೂ ಕಂಡು, ಇಳಿಜಾರುಗಳಲ್ಲಿ ನೀಲಗಿರಿಯನ್ನಲ್ಲ, ಈ ಮಣ್ಣಿನ ಗಿಡಗಳನ್ನೇ ಉಳಿಸಿ ಬೆಳೆಸಲು ಅನುವಾಗಲಿ.

ಮಾನ್ಯ ದಾನಿಗಳಲ್ಲಿ ಒಂದು ವಿಜ್ಞಾಪನೆ. ಕೊಠಡಿ ಕಟ್ಟಿಸಿಕೊಟ್ಟವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವುದು ಯುಕ್ತವೇ. ಕಾಲುವೆಯ ಹೂಳು ತೆಗೆಯಿಸಿದವರಿಗೆ ಅಂತಹ ಕಲ್ಲು ದೊರೆಯದಿರಬಹುದು. ಆದರೂ ತಮ್ಮ ಕೊಡುಗೆಯ ಒಂದು ಭಾಗವನ್ನು ಈ ಕೆಲಸಕ್ಕೆ ಮೀಸಲಿಡಬೇಕು. ಕೊಠಡಿಯು ನಿಲ್ಲಬೇಕಾದರೂ ಅದರ ಹಿಂದಿನ ಬೆಟ್ಟವು ನಿಂತಿರಬೇಕಷ್ಟೆ.