ಹೆಳವರ ಹೊತ್ತಿಗೆಗೆ ಒಂದಿಷ್ಟು ಅನುದಾನ

ಸುಗ್ಗಿ ಮುಗಿದ ಮೇಲೆ ನಮ್ಮ ಮನೆಗೆ ಬರುವ, ಮನೆತನಗಳ ವಂಶಾವಳಿ ಬರೆದಿಟ್ಟು ಓದಿ ಹೇಳುವ ಹೆಳವರ ಅಜ್ಜ ಕಟ್ಟೆಯ ಮೇಲೆ ಕೂತು, ಬಟ್ಟೆಯ ಗಂಟು ಬಿಚ್ಚಿ ಹೊತ್ತಿಗೆ ತೆಗೆದು, ನಮ್ಮ ಮುತ್ತಜ್ಜನ ಅಪ್ಪ ಯಾವ ಊರು ಬಿಟ್ಟು ಬಂದ ಎಂಬಲ್ಲಿಂದ ಓದತೊಡಗುತ್ತಾರೆ. ಹೊಸ ಕೂಸಿನ ಹೆಸರು ಬರೆದುಕೊಂಡು, ಜೋಳ, ಕಾಣಿಕೆ ಪಡೆದು ಹೊರಡುತ್ತಾರೆ. ಉತ್ತರ ಕರ್ನಾಟಕದ ಎಷ್ಟೋ ಒಕ್ಕಲು ಮನೆತನಗಳಿಗೆ ಇದನ್ನು ಬಿಟ್ಟರೆ ಬೇರೆ ಲಿಖಿತ ಚರಿತ್ರೆಯೇ ಇಲ್ಲ. ಆ ಹೊತ್ತಿಗೆಯ ಅಂಚನ್ನು ಈಗ ಗೆದ್ದಲು ತಿಂದಿದೆ; ಅಜ್ಜನ ಮಗ ಬೆಂಗಳೂರಲ್ಲಿ ಗಾರೆ ಕೆಲಸಕ್ಕಿದ್ದಾನೆ.

ಉತ್ಸವಗಳಿಗೆ ಕೋಟಿ ಲೆಕ್ಕದಲ್ಲಿ ಕೊಡುವ ಸರ್ಕಾರ ಒಂದೊಂದು ಹೆಳವ ಕುಟುಂಬಕ್ಕೆ 50,000 ರೂಪಾಯಿ ಕೊಡಲಿ. ಅದರಲ್ಲಿ ಹೊತ್ತಿಗೆಯ ಪುಟಗಳ ಫೋಟೊ ತೆಗೆಸಿ, ಓದುವ ದನಿಯನ್ನೂ ದಾಖಲಿಸಬಹುದು. ಮೂಲ ಪುಸ್ತಕ ಮಾತ್ರ ಅವರ ಮನೆಯಲ್ಲೇ ಉಳಿಯಬೇಕು. ಅದು ಅವರ ಅನ್ನ. ಈ ವಂಶಾವಳಿಗಳಲ್ಲಿ ಹೆಣ್ಣುಮಕ್ಕಳ ಹೆಸರು ಅಪರೂಪ. ನಮ್ಮ ಅಜ್ಜಿಯರ ಹೆಸರು, ತವರುಗಳನ್ನೂ ಬರೆಸಲು ಅದೇ ಹಣದಲ್ಲಿ ಅವಕಾಶವಿರಲಿ.